ಮಿನಿಟ್ ಕ್ಯಾಮೆರಾ ಮತ್ತು ನನ್ನ ಒಂದು ಬಾಕಿ

ಕಳೆದ ತಿಂಗಳು ಮನೆಗೆ ಸುಣ್ಣ ಬಳಿಸುವ ಸಂದರ್ಭದಲ್ಲಿ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಶಾಲೆಯ ಗುಂಪುಚಿತ್ರಗಳು, ಹಳೆಯ ಪಂಚಾಂಗಗಳು, ಬಿಸ್ಕತ್ತಿನ ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟ ನೆಗೆಟಿವ್‌ಗಳು ಹೊರಬಂದವು. ಪಕ್ಕದಲ್ಲಿ ಕುಳಿತು ಒಂದೊಂದನ್ನೇ ನೋಡುತ್ತಿದ್ದ ಮೊಮ್ಮಗಳು, ತಲೆಗೆ ಪಟಗ ಸುತ್ತಿಕೊಂಡು ಬಿಸಿಲಿನಲ್ಲಿ ನಿಂತಿದ್ದ ಒಬ್ಬ ಮನುಷ್ಯನ ಕಪ್ಪು-ಬಿಳುಪು ಚಿತ್ರವನ್ನು ಎತ್ತಿ ಹಿಡಿದು, “ಇವರು ಯಾರಜ್ಜಾ?” ಎಂದು ಕೇಳಿದಳು. ಮೂವತ್ತಾರು ವರ್ಷ ಇತಿಹಾಸ ಬೋಧಿಸಿದ ನನಗೆ ಉತ್ತರ ಕೊಡಲಾಗಲಿಲ್ಲ. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ನಮ್ಮ ಸೀಮೆಯಲ್ಲಿ ಸಾಮಾನ್ಯ ಮನುಷ್ಯನ ಮುಖಕ್ಕೆ ಇತಿಹಾಸವಿಲ್ಲ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡಕ್ಕೆ ನಿಮ್ಮಲ್ಲಿ ಹಲವರನ್ನು ಕರೆದುಕೊಂಡು ಹೋಗಿದ್ದೆ, ನೆನಪಿರಬಹುದು. ಅಲ್ಲಿನ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರಿದ್ದಾರೆ. ಅವರಿಗೆ ಕೈಕಾಲುಗಳಿವೆ, ಕಣ್ಣು ಮೂಗುಗಳಿಲ್ಲ. ಊರೂರಿನ ವೀರಗಲ್ಲುಗಳಲ್ಲಿ ಯಾವ ವೀರನನ್ನು ನೋಡಿದರೂ ಒಬ್ಬನೇ ಕಾಣುತ್ತಾನೆ. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಮುಂಡರಗಿ ಭೀಮರಾಯನ ಚಿತ್ರವೆಂದು ನಾನು ತರಗತಿಯಲ್ಲಿ ತೋರಿಸುತ್ತಿದ್ದುದು ಚಿತ್ರಕಾರನ ಕಲ್ಪನೆ. ದೇವರ ಮುಖ ತಿದ್ದುವ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ನಮ್ಮ ನಡುವೆ ಇದ್ದರು. ಆದರೆ ತನ್ನ ಮುಖವನ್ನೇ ಬರೆಯಿಸಿಕೊಳ್ಳುವ ಅನುಕೂಲ ಒಕ್ಕಲಿಗನಿಗಾಗಲಿ ಕುರಿಗಾಹಿಗಾಗಲಿ ಇರಲಿಲ್ಲ.

ಛಾಯಾಗ್ರಹಣ ಕಲೆ 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾಯಿತು. ಅದು ನಮ್ಮ ತುಂಗಭದ್ರೆಯ ದಡಕ್ಕೆ ಬರಲು ಎರಡು ದಶಕಗಳೂ ಬೇಕಾಗಲಿಲ್ಲ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಅಂಥ ಸುಮಾರು 60 ನೆಗೆಟಿವ್‌ಗಳು ಉಳಿದು ಬಂದಿವೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಇತಿಹಾಸದ ಒಳ್ಳೆಯ ಪಾಠ. ಆದರೆ ಕಾಗದದ ನೆಗೆಟಿವ್‌ಗೆ ಬೆಳಕು ಬಹಳ ಹೊತ್ತು ಬೀಳಬೇಕು. ಕಲ್ಲು ಕದಲದೆ ನಿಲ್ಲುತ್ತದೆ. ಬುತ್ತಿ ಹೊತ್ತು ನಡೆಯುವ ಹೆಂಗಸು ನಿಲ್ಲುವುದಿಲ್ಲ. ಆ ಕಾಲದ ಇಂಥ ಚಿತ್ರಗಳಲ್ಲಿ ಗುಡಿ ಗೋಪುರಗಳು ಸ್ಪಷ್ಟವಾಗಿ ಉಳಿದು, ಎದುರಿಗೆ ಓಡಾಡಿದ ಜನ ಅಳಿಸಿಹೋದರು.

ಆ ಮೇಲೆ ಮನುಷ್ಯರ ಚಿತ್ರಗಳೂ ಬಂದವು. ಬ್ರಿಟಿಷ್ ಸರ್ಕಾರದ ಆಶ್ರಯದಲ್ಲಿ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಪ್ರಕಟವಾದವು. ನಾನೂರಕ್ಕೂ ಹೆಚ್ಚು ಚಿತ್ರಗಳು. ಆದರೆ ಅಲ್ಲಿ ಬಹುಮಟ್ಟಿಗೆ ಚಿತ್ರದ ಕೆಳಗಿರುವುದು ಕುಲದ ಹೆಸರು, ಪಂಗಡದ ಹೆಸರು. ಎದುರಿಗೆ ನಿಂತವನ ಹೆಸರು ಕೇಳಬೇಕೆಂದು ತೆಗೆದವರಿಗೆ ತೋರಿದ್ದು ಅಪರೂಪ. ಹೈದರಾಬಾದಿನಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ದರ್ಬಾರು, ಬೇಟೆ, ನವಾಬರ ಕುಟುಂಬಗಳು ಅವರ ಗಾಜಿನ ತಟ್ಟೆಗಳ ಮೇಲೆ ಮೂಡಿದವು. ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಸಾಲಾರ್ ಜಂಗರ ಜಹಗೀರಾಗಿದ್ದವಷ್ಟೆ. ಆ ಮನೆತನದವರ ಭಾವಚಿತ್ರಗಳನ್ನು ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಅವರಿಗೆ ಕಂದಾಯ ಕಟ್ಟಿದ ನನ್ನ ಮುತ್ತಜ್ಜನ ಮುಖ ಹೇಗಿತ್ತೆಂಬುದು ನನಗೆ ತಿಳಿಯದು.

ನಮ್ಮ ಮನೆತನಕ್ಕೆ ಮುಖ ಬಂದದ್ದು 1957ರಲ್ಲಿ, ಗವಿಮಠದ ಜಾತ್ರೆಯಲ್ಲಿ. ಬನದ ಹುಣ್ಣಿಮೆ ಕಳೆದು ತೇರು ಎಳೆಯುವ ಆ ಜಾತ್ರೆಗೆ ಆಗ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ನನಗೆ ಒಂಬತ್ತು ವರ್ಷ. ಬೆಂಡು ಬೆತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಮೂರು ಕಾಲಿನ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ನಿಂತಿತ್ತು. ಹಿಂದೆ ಕೊಳ, ಕಮಲ, ಅರಮನೆ ಬರೆದ ಪರದೆ. ಅದಕ್ಕೆ ಜನ ‘ಮಿನಿಟ್ ಕ್ಯಾಮೆರಾ’ ಎನ್ನುತ್ತಿದ್ದರು.

ಇಂದಿನ ಮಕ್ಕಳಿಗಾಗಿ ಅದರ ಕೆಲಸವನ್ನು ವಿವರಿಸುತ್ತೇನೆ. ಆ ಪೆಟ್ಟಿಗೆಯೇ ಕ್ಯಾಮೆರಾ, ಅದೇ ಕತ್ತಲಕೋಣೆ. ಫಿಲ್ಮ್ ಇಲ್ಲ, ಬೆಳಕಿಗೆ ಸ್ಪಂದಿಸುವ ಕಾಗದವನ್ನೇ ಒಳಗೆ ಇಡುತ್ತಿದ್ದರು. ಮಸೂರದ ಮುಚ್ಚಳ ತೆಗೆದು, ಒಂದು, ಎರಡು, ಮೂರು ಎಂದೆಣಿಸಿ ಮತ್ತೆ ಮುಚ್ಚುವುದು. ಪೆಟ್ಟಿಗೆಯ ಪಕ್ಕಕ್ಕೆ ಹೊಲಿದ ಕರಿಬಟ್ಟೆಯ ತೋಳಿನಲ್ಲಿ ಕೈತೂರಿಸಿ, ಒಳಗಿದ್ದ ಎರಡು ತಟ್ಟೆಗಳಲ್ಲಿ, ಮೊದಲು ಚಿತ್ರ ಮೂಡಿಸುವ ದ್ರಾವಣದಲ್ಲಿ, ಆ ಮೇಲೆ ಹೈಪೊದಲ್ಲಿ, ಕಾಗದವನ್ನು ಅದ್ದುವುದು. ಹೊರಬಂದದ್ದು ನೆಗೆಟಿವ್. ಅದರಲ್ಲಿ ನನ್ನ ಕರಿಮುಖ ಬೆಳ್ಳಗೆ, ಅಜ್ಜಿಯ ನರೆಗೂದಲು ಕಪ್ಪಗೆ! ನಾನು ಹೆದರಿ ಅತ್ತೆನಂತೆ. ಆತ ನಗುತ್ತಾ ಆ ನೆಗೆಟಿವನ್ನು ಮಸೂರದ ಮುಂದಿನ ಪಟ್ಟಿಗೆ ಸಿಕ್ಕಿಸಿ, ಅದರದೇ ಇನ್ನೊಂದು ಚಿತ್ರ ತೆಗೆದ. ಎರಡು ಸಲ ತಿರುವುಮುರುವಾದ ಮೇಲೆ ನಾವು ನಾವಾಗಿ ಬಂದೆವು. ಬಕೆಟ್ಟಿನ ನೀರಿನಲ್ಲಿ ಅಲುಗಿಸಿ, ಒದ್ದೆಯಾಗಿರುವಾಗಲೇ ಕೈಗೆ ಕೊಟ್ಟ.

ಅಜ್ಜಿ ಸುಲಭಕ್ಕೆ ಒಪ್ಪಿರಲಿಲ್ಲ. “ಫೋಟೊ ತೆಗಿಸ್ಕೊಂಡ್ರ ಆಯುಷ್ಯ ಕಡಿಮಿ ಆಕ್ಕೈತಿ” ಎಂಬುದು ಆಗಿನ ನಂಬಿಕೆ. ಮೊಮ್ಮಗನ ಹಟಕ್ಕೆ ಸೋತು ಕುಳಿತಳು. ಆ ಮೇಲೆ ಹತ್ತೊಂಬತ್ತು ವರ್ಷ ಬದುಕಿದಳು. ನೀರಿನಲ್ಲಿ ಸಾಕಷ್ಟು ತೊಳೆಯದೆ ಹೈಪೊ ಉಳಿದದ್ದರಿಂದ ಚಿತ್ರದ ಅಂಚು ಹಳದಿಗಟ್ಟಿದೆ. ಆದರೂ ಹಣೆಯ ಹಚ್ಚೆ ಇಂದಿಗೂ ಕಾಣುತ್ತದೆ. ಅವಳದು ಅದೊಂದೇ ಚಿತ್ರ.

ಅಷ್ಟೂ ಇಲ್ಲದ ಮನೆಗಳು ಎಷ್ಟೋ. ನಮ್ಮಲ್ಲಿ ಹಿರಿಯರು ತೀರಿಕೊಂಡಾಗ ಶವವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಪಟ್ಟಣದಿಂದ ಫೋಟೊದವನನ್ನು ಕರೆಸಿ ಚಿತ್ರ ತೆಗೆಸುವ ರೂಢಿ ಇತ್ತು. ಎಂಬತ್ತು ವರ್ಷದ ಬದುಕಿಗೆ ಸತ್ತ ಮೇಲಿನ ಒಂದೇ ಚಿತ್ರ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಮುಖ ಮರೆತುಹೋದೀತೆಂಬ ಭಯ ಏನೆಂದು ಬಲ್ಲವರಿಗೆ ಹಾಗೆನಿಸದು.

ಜಾತ್ರೆಯ ಆ ಫೋಟೊದವನ ಬಗ್ಗೆ ಮುಂದೆ ಬಹಳ ಯೋಚಿಸಿದ್ದೇನೆ. ಅವನಿಗೆ ನಾವು ಅಪರಿಚಿತರು, ನಮಗೆ ಅವನು ಅಪರಿಚಿತ. ಆದರೆ ಚಿತ್ರ ನಮ್ಮ ಕೈಗೆ ಬಂತು. ಅವನ ಹತ್ತಿರ ಏನೂ ಉಳಿಯಲಿಲ್ಲ. ಹುಲಿಗಿಯ ಜಾತ್ರೆ, ಕನಕಗಿರಿಯ ತೇರು, ಕುಷ್ಟಗಿಯ ಸಂತೆ ಎಂದು ಅಲೆದ ಇಂಥವರ ಕೆಲಸ ಯಾವ ಪತ್ರಾಗಾರದಲ್ಲಿಯೂ ಸಿಗುವುದಿಲ್ಲ. ಅದು ನಮ್ಮ ನಿಮ್ಮ ಮನೆಯ ಗೋಡೆಗಳಲ್ಲಿ, ದೇವರ ಜಗುಲಿಯ ಪಕ್ಕದ ಚೌಕಟ್ಟುಗಳಲ್ಲಿ ಚದುರಿಹೋಗಿದೆ.

ಇನ್ನು ನನ್ನ ಕಥೆ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದಾಗ ಗದಗಿನಲ್ಲಿ ಒಂದು ಹಳೆಯ ಅಗ್ಫಾ ಕ್ಲಿಕ್-3 ಕ್ಯಾಮೆರಾ ಕೊಂಡೆ. ಬರೋಡದಲ್ಲಿ ತಯಾರಾಗುತ್ತಿದ್ದ, ಬಡ ಮೇಷ್ಟರೂ ಕೊಳ್ಳಬಹುದಾಗಿದ್ದ ಕ್ಯಾಮೆರಾ ಅದು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಊಟಿಯ ಸರ್ಕಾರಿ ಕಾರ್ಖಾನೆ ತಯಾರಿಸುತ್ತಿದ್ದ ‘ಇಂದು’ ಫಿಲ್ಮ್ ಆಗ ನಮ್ಮ ಕಡೆಯೂ ದೊರೆಯುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಪತ್ರಿಕೆಗಳಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ನನಗೆ ಹುಚ್ಚು ಹಿಡಿದಿತ್ತು. ಬೀದಿಯ ಮಕ್ಕಳು, ಕೂಲಿಗಳು, ಮುದುಕಿಯರು ಅವರ ಕಪ್ಪು-ಬಿಳುಪಿನಲ್ಲಿ ಘನತೆಯಿಂದ ನಿಲ್ಲುತ್ತಿದ್ದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ತೀರಿಕೊಂಡರು. ಅವರನ್ನು ನೋಡಿ ನಾನೂ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗುರುತಿಲ್ಲದವರ ಮುಂದೆ ಕ್ಯಾಮೆರಾ ಹಿಡಿಯತೊಡಗಿದೆ.

ಅದು 1973ರ ಬೇಸಿಗೆ, ಬರಗಾಲ. ಊರ ಹೊರಗೆ ಬರಗಾಲ ಕಾಮಗಾರಿಯ ರಸ್ತೆ ನಡೆದಿತ್ತು. ನಡುಹಗಲಿನಲ್ಲಿ ಜಲ್ಲಿ ಒಡೆಯುತ್ತಿದ್ದ ಒಬ್ಬ ಮನುಷ್ಯ ನನ್ನನ್ನು ಕಂಡು ಸುತ್ತಿಗೆ ಕೆಳಗಿಟ್ಟು, ಪಟಗ ಸರಿಮಾಡಿಕೊಂಡು, ಕೈಗಳನ್ನು ಎರಡೂ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ. ನಾನು ಚಿತ್ರ ತೆಗೆದೆ. “ಮಾಸ್ತರ್ರ, ನಮ್ಮ ಫೋಟೊ ಯಾವಾಗ ಕೊಡ್ತೀರಿ?” ಎಂದು ಕೇಳಿದ. “ಮುಂದಿನ ಸಂತಿಗೆ” ಎಂದೆ. ಹೆಸರು ಕೇಳಲಿಲ್ಲ.

ಸುರುಳಿಯಲ್ಲಿ ಇನ್ನೂ ಐದು ಚಿತ್ರ ಬಾಕಿ ಇದ್ದವು. ಅವನ್ನು ಹಾಳು ಮಾಡಲು ಮನಸ್ಸಾಗದೆ ತಡಮಾಡಿದೆ. ಮುಗಿಸಿ, ತೊಳೆಸಿ, ಪ್ರತಿ ತರುವ ಹೊತ್ತಿಗೆ ಮೂರು ತಿಂಗಳು ಕಳೆದಿದ್ದವು. ಕಾಮಗಾರಿ ಮುಗಿದಿತ್ತು. ಜನ ಗುಳೆ ಹೋಗಿದ್ದರು, ಕೆಲವರು ಗಂಗಾವತಿಯ ಕಾಲುವೆಯ ಕಡೆ ಭತ್ತದ ನಾಟಿಗೆ, ಕೆಲವರು ಗೋವಾಕ್ಕೆ. ಆತ ಯಾವ ಊರಿನವನೆಂದು ಹೇಳುವವರು ಸಿಗಲಿಲ್ಲ. ಬಿಸಿಲು ತಲೆಯ ಮೇಲಿದ್ದುದರಿಂದ ಪಟಗದ ನೆರಳು ಬಿದ್ದು ಕಣ್ಣುಗಳು ಸರಿಯಾಗಿ ಕಾಣುತ್ತಿರಲಿಲ್ಲ. ಚಿತ್ರ ನನ್ನಲ್ಲಿಯೇ ಉಳಿಯಿತು.

ಇಪ್ಪತ್ತೆರಡು ವರ್ಷ ಕಳೆದವು. 1993ರಲ್ಲಿ ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂಬ ಆದೇಶವಾಯಿತು. 1995ರಲ್ಲಿ ನಮ್ಮ ಶಾಲೆಯಲ್ಲಿ ಫೋಟೊ ತೆಗೆಯುವ ಶಿಬಿರ ನಡೆಯಿತು. ಪಟ್ಟಿ ಹಿಡಿದು ಹೆಸರು ಕೂಗುವ ಕೆಲಸ ನನ್ನದು. ಕ್ಯಾಮೆರಾದ ಮುಂದೆ ಎಂದೂ ಕೂರದ ಸಾವಿರಾರು ಜನ ಆ ವರ್ಷ ಕುಳಿತರು. ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಳ್ಳುತ್ತಿದ್ದ ರೀತಿ, ಮುದುಕರು ಉಸಿರು ಬಿಗಿಹಿಡಿಯುತ್ತಿದ್ದ ರೀತಿ, ಎಲ್ಲವೂ ನನಗೆ ಗವಿಮಠದ ಜಾತ್ರೆಯನ್ನು ನೆನಪಿಸಿದವು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಜಿಲ್ಲೆಯ ಸ್ಥಾನ ಸಿಗುವುದಕ್ಕೆ (1997) ಎರಡು ವರ್ಷ ಮೊದಲೇ ಜನಕ್ಕೆ ಮುಖ ಸಿಕ್ಕಿತ್ತು, ಪಕ್ಕದಲ್ಲಿ ಹೆಸರೂ ಇತ್ತು.

ನಾನು ಆ ಹಳೆಯ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಸಾಲಿನಲ್ಲಿದ್ದ ವಯಸ್ಸಾದವರಿಗೆ ತೋರಿಸುತ್ತಾ ಬಂದೆ. ಮೂರನೆಯ ದಿನ ಒಬ್ಬ ಹೆಣ್ಣುಮಗಳು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಗಂಡ ಬರಗಾಲದ ವರ್ಷ ಗೋವಾದ ಕಡೆ ಗುಳೆ ಹೋದವನು ಮರಳಿ ಬಂದಿರಲಿಲ್ಲವಂತೆ. “ಇವರ ರೀ ಸರ. ಪಟಗ ಸುತ್ತೋದು ನೋಡ್ರಿ, ಹಿಂಗ ಸುತ್ತತಿದ್ರು” ಎಂದಳು.

ಪಟಗವನ್ನು ಹಾಗೆ ಸುತ್ತುವವರು ಆ ಸೀಮೆಯಲ್ಲಿ ನೂರಾರು ಜನ. ಕಣ್ಣು ಕಾಣದ ಚಿತ್ರ. ಯಾವ ಊರಿನಲ್ಲಿ ಕಾಮಗಾರಿಗೆ ಹೋಗಿದ್ದನೆಂದು ಕೇಳಿದರೆ ಅವಳಿಗೆ ಖಚಿತವಾಗಿ ಹೇಳಲಾಗಲಿಲ್ಲ. ಸಾಕ್ಷ್ಯ ಸಾಲದೆ ಯಾವುದನ್ನೂ ಒಪ್ಪಬಾರದೆಂದು ನಿಮಗೆಲ್ಲ ಕಲಿಸಿದವನು ನಾನು. ಅದೇ ಚಿತ್ರಕ್ಕಾಗಿ ಬೇರೊಬ್ಬರು ಮುಂದೆ ಬಂದರೆ? ಇವನು ಅವಳ ಗಂಡನಲ್ಲದಿದ್ದರೆ, ಇನ್ನೊಬ್ಬನ ಮುಖಕ್ಕೆ ಅವಳು ಜೀವಮಾನವಿಡೀ ಊದುಬತ್ತಿ ಹಚ್ಚುವಳಲ್ಲ? ಇವೆಲ್ಲ ಆಗಲೇ ಹೊಳೆದವು. ಆದರೆ ಅವಳು ಚಿತ್ರವನ್ನು ಮರಳಿ ಕೊಡಲು ಕೈ ಚಾಚಿರಲಿಲ್ಲ; ಸೆರಗಿನ ಮರೆಯಲ್ಲಿ ಹಿಡಿದುಕೊಂಡಿದ್ದಳು. “ಒಯ್ಯಿರಿ ತಾಯಿ” ಎಂದೆ.

ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ಹೇಳಲಾರೆ. ಒಂದು ಮಾತ್ರ ಸ್ಪಷ್ಟ. 1973ರಲ್ಲಿ ನಾನು ಒಂದು ಹೆಸರು ಕೇಳಿ ಚೀಟಿಯಲ್ಲಿ ಬರೆದಿಟ್ಟಿದ್ದರೆ ಆ ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ. ಬ್ರಿಟಿಷರ ಸಂಪುಟಗಳಲ್ಲಿ ಹೆಸರಿಲ್ಲವೆಂದು ತರಗತಿಯಲ್ಲಿ ಆಕ್ಷೇಪಿಸುತ್ತಿದ್ದ ನಾನೂ ಅದನ್ನೇ ಮಾಡಿದ್ದೆ. ಜಾತ್ರೆಯ ಫೋಟೊದವನು ನನಗಿಂತ ಪ್ರಾಮಾಣಿಕ. ತೆಗೆದದ್ದನ್ನು ನಿಂತಲ್ಲಿಯೇ ಕೊಟ್ಟುಬಿಡುತ್ತಿದ್ದ. ಮೊಮ್ಮಗಳು ಎತ್ತಿ ಹಿಡಿದದ್ದು ನನ್ನಲ್ಲಿ ಉಳಿದಿದ್ದ ಎರಡನೆಯ ಪ್ರತಿ.

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆ ನಮ್ಮದು. ಕಣ್ಣಿದ್ದರಷ್ಟೇ ಸಾಲದು, ಕೇಳುವ ಬಾಯಿಯೂ ಬೇಕೆಂದು ನಾನು ತಡವಾಗಿ ಕಲಿತೆ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಳೆಯ ಚಿತ್ರಗಳನ್ನು ಚೌಕಟ್ಟಿನಿಂದ ಜೋಪಾನವಾಗಿ ಬಿಚ್ಚಿ, ಹಿರಿಯರಿಗೆ ತೋರಿಸಿ, ಇವರಾರು, ಯಾವ ಊರು, ಯಾವ ವರ್ಷ ಎಂದು ಕೇಳಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು. ಅಜ್ಜಿಯ ಚಿತ್ರದ ಹಿಂದೆ ನಾನು ಬರೆದಿದ್ದೇನೆ: ಹೆಸರು, ‘ಗವಿಮಠ ಜಾತ್ರೆ, 1957’. ಪಟಗದವನ ಚಿತ್ರದ ಹಿಂದೆ ‘1973, ಬರಗಾಲ ಕಾಮಗಾರಿ, ಕುಷ್ಟಗಿ ತಾಲ್ಲೂಕು’ ಎಂದು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.