‘ಬಂತಾ?’ ‘ಇಲ್ಲ, ಇನ್ನೂ ಸ್ವಲ್ಪ ಎಡಕ್ಕೆ!’: ಆ್ಯಂಟೆನಾ ತಿರುಗಿಸಿದ ಕಾಲದ ಕಥೆ

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ? ಬೆಂಗಳೂರು ಅಂದ್ರಾ? ಅಲ್ಲ. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಅದೂ ರಾಜಧಾನಿಗಿಂತ ಆರು ವರ್ಷ ಮೊದಲು!

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದು ಟಿವಿ ಇಟ್ಟರು. ಪಕ್ಕದಲ್ಲಿ ಒಂದು ದೊಡ್ಡ ಡಿಶ್. ಯಾವುದರಿಂದ ಮಾಡಿದ್ದು ಗೊತ್ತಾ? ಕೋಳಿಗೂಡಿಗೆ ಹೊಡೆಯುತ್ತಾರಲ್ಲ, ಅದೇ ತಂತಿ ಜಾಲರಿಯಿಂದ. ಅಗಲ ಸುಮಾರು 10 ಅಡಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು.

1976ರ ಜುಲೈ 31ಕ್ಕೆ ವರ್ಷದ ಗಡುವು ಮುಗಿಯಿತು. ನಾಸಾ ಉಪಗ್ರಹವನ್ನು ವಾಪಸ್ ಕರೆಸಿಕೊಂಡಿತು. ಹಳ್ಳಿಯ ಟಿವಿ ಸರಿಯಿತ್ತು, ಜಾಲರಿಯೂ ಸರಿಯಿತ್ತು. ಚಿತ್ರ ಕಳಿಸುವವರೇ ಇರಲಿಲ್ಲ. ಟಿವಿ ರಿಪೇರಿಯ ಮೊದಲ ಪ್ರಶ್ನೆ ಇಲ್ಲೇ ಹುಟ್ಟಿತು ಅನ್ನಿಸುತ್ತೆ ನನಗೆ: ತೊಂದರೆ ನಮ್ಮ ಕಡೆಯದಾ, ಆ ಕಡೆಯದಾ?

ಮರುವರ್ಷ, ಅಂದರೆ 1977ರಲ್ಲಿ, ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. 1982ರ ಏಷ್ಯನ್ ಗೇಮ್ಸ್ ಜೊತೆ ಬಣ್ಣವೂ ಬಂತು. 1984ರಲ್ಲಂತೂ ಕೆಲವು ತಿಂಗಳ ಕಾಲ ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಟ್ರಾನ್ಸ್‌ಮಿಟರ್ ಶುರುವಾಗುತ್ತಿತ್ತು. ಹೆಚ್ಚಿನವು ಕಡಿಮೆ ಶಕ್ತಿಯವು. ಪೇಟೆ ದಾಟಿ ಸ್ವಲ್ಪ ದೂರ ಹೋದರೆ ಚಿತ್ರ ಮಸುಕು. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ.

ಹಾಗಾಗಿಯೇ ಮನೆಮನೆಯ ಹೆಂಚಿನ ಮೇಲೆ ಆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆ್ಯಂಟೆನಾ ನಿಂತಿತು. ಅದರ ಹೆಸರು ಯಾಗಿ-ಉಡಾ. 1926ರಲ್ಲಿ ಜಪಾನಿನ ಶಿಂತಾರೊ ಉಡಾ, ಹಿಡೆತ್ಸುಗು ಯಾಗಿ ಎಂಬ ಇಬ್ಬರು ರೂಪಿಸಿದ್ದು. ಹಿಂದಿನ ಉದ್ದ ಕಡ್ಡಿ ಕನ್ನಡಿಯ ಹಾಗೆ ಅಲೆಯನ್ನು ಮುಂದಕ್ಕೆ ತಳ್ಳುತ್ತೆ. ಮುಂದಿನ ಗಿಡ್ಡ ಕಡ್ಡಿಗಳು ದಾರಿ ತೋರಿಸುತ್ತವೆ. ನಡುವಿನ ಒಂದೇ ಒಂದು ಕಡ್ಡಿಗೆ ಮಾತ್ರ ವೈರ್ ಇರುತ್ತೆ. ಗಿಡ್ಡ ಕಡ್ಡಿಗಳ ಕಡೆ ಟವರ್‌ಗೆ ಮುಖ ಮಾಡಿರಬೇಕು. ಅಷ್ಟೇ ಗುಟ್ಟು.

1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಈ ಗುಟ್ಟಿಗೆ ಎಲ್ಲಿಲ್ಲದ ಬೆಲೆ. ಒಬ್ಬರು ಮಾಡಿನ ಮೇಲೆ, ಒಬ್ಬರು ಕಿಟಕಿಯಲ್ಲಿ, ಒಬ್ಬರು ಟಿವಿ ಮುಂದೆ. ‘ಬಂತಾ?’ ‘ಬಂತು ಬಂತು... ಅಯ್ಯೋ, ಹೋಯ್ತು!’ ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ, ಈ ಸಂಭಾಷಣೆ ಅವರಿಗೆ ಬಾಯಿಪಾಠ.

ಅನಲಾಗ್ ಟಿವಿಯ ಒಂದು ಒಳ್ಳೆಯ ಗುಣ ಏನಂದ್ರೆ, ಅದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು. ತೆರೆ ತುಂಬಾ ಚುಕ್ಕಿ ಬಂದರೆ ಸಿಗ್ನಲ್ ಸಾಲದು. ಒಬ್ಬರ ಪಕ್ಕ ಅವರದ್ದೇ ನೆರಳು ಕಂಡರೆ ಅಲೆ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತಡವಾಗಿ ಎರಡನೇ ಸಲ ಬರ್ತಿದೆ ಅಂತ. ರಸ್ತೆಯಲ್ಲಿ ಸ್ಕೂಟರ್ ಹೋದಾಗ ಗೆರೆ ಎದ್ದರೆ ಅದರ ಸ್ಪಾರ್ಕ್ ಪ್ಲಗ್ಗಿನ ಕಾಟ. ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ಬಂದರೆ ತೊಂದರೆ ದೂರದರ್ಶನದ್ದು, ಮಾಡಿನಿಂದ ಇಳೀಬಹುದು. ಓದು ಬರಹ ಬಾರದವರೂ ಇದನ್ನೆಲ್ಲ ಕಲಿತಿದ್ದರು.

ಡಿಜಿಟಲ್ ಬಂದು ಈ ಭಾಷೆಯೇ ಬದಲಾಯಿತು. 2016ರ ಫೆಬ್ರುವರಿಯಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಪ್ರಸಾರ ಘೋಷಿಸಿತು. ಫೋನಿಗೆ ಒಂದು ಪುಟ್ಟ ಡಾಂಗಲ್ ಸಿಕ್ಕಿಸಿದರೆ ಸಾಕು, ಡೇಟಾ ಇಲ್ಲದೆ ಟಿವಿ! ನೀವು ಯಾರಾದ್ರೂ ಆ ಡಾಂಗಲ್ ನೋಡಿದ್ದೀರಾ? ನಾನಂತೂ ಯಾರ ಕೈಯಲ್ಲೂ ನೋಡಿಲ್ಲ.

ಡಿಜಿಟಲ್‌ನಲ್ಲಿ ಚುಕ್ಕಿಯೂ ಇಲ್ಲ, ನೆರಳೂ ಇಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿದ್ದರೆ ಕನ್ನಡಿಯಂಥ ಚಿತ್ರ. ಸ್ವಲ್ಪ ಕೆಳಗಿಳಿದರೆ ಚೌಕ ಚೌಕವಾಗಿ ಒಡೆದು, ಆಮೇಲೆ ಕಪ್ಪು ತೆರೆ. ಬೆಟ್ಟದ ಅಂಚಿನಲ್ಲಿ ನಡೆದ ಹಾಗೆ, ಒಂದು ಹೆಜ್ಜೆ ಆಚೆಗೆ ಪ್ರಪಾತ. ಆದ್ದರಿಂದ ರಿಪೇರಿ ಮಾಡೋಕೆ ಚಿತ್ರ ನೋಡಿ ಪ್ರಯೋಜನವಿಲ್ಲ, ಮೆನುವಿನಲ್ಲಿರುವ ಎರಡು ಪಟ್ಟಿ ನೋಡಬೇಕು. ಒಂದು ಸಿಗ್ನಲ್ಲಿನ ಬಲ, ಇನ್ನೊಂದು ಗುಣಮಟ್ಟ. ಬಲ ಇದ್ದು ಗುಣಮಟ್ಟ ಇಲ್ಲ ಅಂದ್ರೆ ಗದ್ದಲವೂ ಜೊತೆಗೆ ಬರ್ತಿದೆ ಅಂತ. ಆಗ ಬೂಸ್ಟರ್ ಹಾಕಿದರೆ ಗದ್ದಲವೂ ಬೂಸ್ಟ್ ಆಗುತ್ತೆ. ಅದರ ಬದಲು ಮಳೆ ನೀರು ಇಳಿದ ಕೇಬಲ್, ತುಕ್ಕು ಹಿಡಿದ ಪಿನ್ ನೋಡಿ. ಹತ್ತಿರದ ಕಳಪೆ ಎಲ್‌ಇಡಿ ಬಲ್ಬ್ ಆರಿಸಿ ನೋಡಿ. ಆ್ಯಂಟೆನಾವನ್ನು ಒಂದಿಷ್ಟೇ ತಿರುಗಿಸಿ, ಕೆಲವು ಸೆಕೆಂಡ್ ಕಾಯಿರಿ. ಡಿಜಿಟಲ್‌ಗೆ ಉತ್ತರ ಕೊಡೋಕೆ ಸಮಯ ಬೇಕು.

ಇಷ್ಟೆಲ್ಲ ಮಾಡಿದರೂ ಆ ಕಡೆಯಿಂದ ಪ್ರಸಾರವೇ ಇಲ್ಲದಿದ್ದರೆ? 2021ರ ಅಕ್ಟೋಬರ್‌ನಲ್ಲಿ ಪ್ರಸಾರ ಭಾರತಿ ಒಂದು ಮಾತು ಹೇಳಿತು: ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುತ್ತೇವೆ ಅಂತ. ಜನ ಅಷ್ಟರಲ್ಲಿ ಕೇಬಲ್‌ಗೆ, ಡಿಶ್‌ಗೆ, ಆಮೇಲೆ ಫೋನಿಗೆ ಹೋಗಿಯಾಗಿತ್ತು. ಯಾರೂ ಅಳಲಿಲ್ಲ.

ನನಗೂ ಆ ಚುಕ್ಕಿ ಚಿತ್ರ ವಾಪಸ್ ಬೇಕು ಅಂತೇನಿಲ್ಲ. ಆದರೆ ಒಂದು ಲೆಕ್ಕ ನೋಡಿ. ಫೋನಿನಲ್ಲಿ ಹತ್ತು ಜನ ಒಂದೇ ವಿಡಿಯೊ ನೋಡಿದರೆ ನೆಟ್‌ವರ್ಕ್ ಹತ್ತು ಸಲ ಕಳಿಸಬೇಕು, ಹತ್ತು ಜನರ ಡೇಟಾ ಖರ್ಚು. ಟವರ್ ಪ್ರಸಾರದಲ್ಲಿ ಹತ್ತು ಜನ ನೋಡಲಿ, ಹತ್ತು ಲಕ್ಷ ಜನ ನೋಡಲಿ, ಕಳಿಸೋದು ಒಂದೇ ಸಲ. ನೀವು ಏನು ನೋಡ್ತಿದ್ದೀರಿ ಅಂತ ಆ ಟವರ್‌ಗೆ ಗೊತ್ತೂ ಆಗಲ್ಲ. ನೆರೆ ಬಂದು ಮೊಬೈಲ್ ನೆಟ್‌ವರ್ಕ್ ಕೈಕೊಟ್ಟ ದಿನ ಈ ಲೆಕ್ಕದ ಬೆಲೆ ತಿಳಿಯುತ್ತೆ.

ಅದಕ್ಕೇ ಈಗ ‘ಡೈರೆಕ್ಟ್ ಟು ಮೊಬೈಲ್’ ಹೆಸರಲ್ಲಿ ಹಳೆಯ ವಿಚಾರ ಮತ್ತೆ ಚಿಗುರಿದೆ. ಸಿಮ್ ಬೇಡ, ಡೇಟಾ ಬೇಡ, ಟವರ್‌ನಿಂದ ನೇರ ಫೋನಿಗೆ. ಐಐಟಿ ಕಾನ್ಪುರ, ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದಕ್ಕಾಗಿ ಕೆಲಸ ಮಾಡಿವೆ. ಬೆಂಗಳೂರಿನಲ್ಲೂ ಪ್ರಯೋಗ ನಡೆದಿದೆ. ಫೋನಿನೊಳಗೆ ಬೇರೆ ಚಿಪ್ ಬೇಕು. ಅದನ್ನು ಹಾಕೋರು ಯಾರು, ದುಡ್ಡು ಕೊಡೋರು ಯಾರು ಅನ್ನೋದೇ ಜಗಳ.

ಆ ಜಗಳದ ಸುದ್ದಿ ಓದುವಾಗ 1976ರ ಆ ಹಳ್ಳಿಗಳು ನಿಮಗೆ ನೆನಪಾಗಲಿ. ಗಾಳಿಯಲ್ಲಿ ಉಚಿತವಾಗಿ ಬರೋದನ್ನು ಕೊಡುವಷ್ಟೇ ಸಲೀಸಾಗಿ ನಿಲ್ಲಿಸಲೂಬಹುದು. ಕೊಡುವಾಗಲೇ ಕೇಳಿಟ್ಟುಕೊಳ್ಳೋಣ, ಎಷ್ಟು ದಿನಕ್ಕೆ ಅಂತ.