ಸಾಲುಮರದ ಯಜಮಾನ ಯಾರು? ಎರಡು ಎಮ್ಮಿಗನೂರುಗಳ ನಡುವೆ ಮರದ ಕಾನೂನಿನ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನಗೆ ಕೊಟ್ಟಿರೋದು ಇಪ್ಪತ್ತು ನಿಮಿಷ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೇನೆ.

ಎಮ್ಮಿಗನೂರು ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನಕ್ಕೆ ಒಂದು ಊರು ನೆನಪಾಗುತ್ತೆ, ಇನ್ನರ್ಧ ಜನಕ್ಕೆ ಬೇರೆ ಊರು. ಒಂದು ಆದೋನಿ ಹತ್ತಿರದ್ದು, ಕರ್ನೂಲು ಜಿಲ್ಲೆಯ ನೇಕಾರರ ಪಟ್ಟಣ. 1938ರಲ್ಲಿ ಮಾಚಾನಿ ಸೋಮಪ್ಪನವರು ಅಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದದ್ದು. ಇನ್ನೊಂದು ಬಳ್ಳಾರಿ ಜಿಲ್ಲೆಯ ಕಂಪ್ಲಿ ಕಡೆಯದು, ಜಡೆಸಿದ್ದೇಶ್ವರ ಮಠದ ಊರು. 1953ಕ್ಕೆ ಮುಂಚೆ ಈ ಎರಡೂ ಮದ್ರಾಸ್ ಪ್ರಾಂತ್ಯದ ಒಂದೇ ಬಳ್ಳಾರಿ ಜಿಲ್ಲೆಯೊಳಗಿದ್ದವು. ಅದೇ ಕಪ್ಪು ಮಣ್ಣು, ಅದೇ ಬಿಸಿಲು, ಅದೇ ಬೇವು-ಹುಣಸೆ. ಇವತ್ತು ಒಂದು ಊರಲ್ಲಿ ಮರ ಕಡೀಬೇಕಾದ್ರೆ ಒಂದು ಕಾನೂನು, ಇನ್ನೊಂದರಲ್ಲಿ ಬೇರೊಂದು ಕಾನೂನು.

ಇಂದಿನ ಪ್ರಬಂಧದ ಪ್ರಶ್ನೆ ಸರಳ: ದಾರಿ ಬದಿಯ ಮರಕ್ಕೆ ಯಜಮಾನ ಯಾರು? ಕಾಲಕಾಲಕ್ಕೆ ಇದಕ್ಕೆ ಬೇರೆ ಬೇರೆ ಉತ್ತರ ಬಂದಿದೆ. ನನ್ನ ವಾದ ಇಷ್ಟು: ಮರವನ್ನು ರಕ್ಷಿಸುವ ಕಾನೂನು ಬಲವಾಗ್ತಾ ಹೋದ ಹಾಗೆ, ಆ ಮರದ ಮೇಲೆ ಸ್ಥಳೀಯ ಸಂಸ್ಥೆಗೂ ಊರವರಿಗೂ ಇದ್ದ ಹಿಡಿತ ಸಡಿಲವಾಗ್ತಾ ಬಂತು. ರಕ್ಷಣೆ ಹೆಚ್ಚಿತು, ಪಾಲನೆ ಕಡಿಮೆಯಾಯಿತು.

1. ಬಂಡೆ ಮತ್ತು ತೋಪು

ದಾರಿ ಬದಿ ಮರ ನೆಡೋದು ಆಳುವವರ ಕರ್ತವ್ಯ ಅನ್ನೋ ಮಾತಿಗೆ ನಮ್ಮ ಪ್ರದೇಶದಲ್ಲೇ ಬಹಳ ಹಳೆಯ ಲಿಖಿತ ಸಾಕ್ಷಿ ಇದೆ. ಗುತ್ತಿ ಮತ್ತು ಪತ್ತಿಕೊಂಡದ ನಡುವೆ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಕ್ರಿಸ್ತಪೂರ್ವ 3ನೇ ಶತಮಾನದವು. ಎರಡನೇ ಬಂಡೆ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ದಾರಿಯಲ್ಲಿ ಬಾವಿ, ದಾರಿ ಬದಿ ಮರ, ಈ ಮೂರನ್ನೂ ಒಟ್ಟಿಗೆ ಹೇಳಿದೆ. ಇದನ್ನು ಸ್ಥಳೀಯ ಆಡಳಿತದ ನಿಯಮ ಅಂತ ನಾನು ಕರೆಯೋದಿಲ್ಲ, ಅದು ರಾಜಾಜ್ಞೆ. ಆದ್ರೆ ಒಂದು ಅಂಶ ಗಮನಿಸಿ: ಮರ, ನೀರು, ದಾರಿಹೋಕ ಮೂವರೂ ಒಂದೇ ವಾಕ್ಯದಲ್ಲಿದ್ದಾರೆ. ಮುಂದಿನ ಕಾನೂನುಗಳಲ್ಲಿ ಈ ಮೂವರೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿಹೋಗ್ತಾರೆ.

ಎರಡನೇ ಸಾಕ್ಷಿ ಅಲ್ಲೇ ಪತ್ತಿಕೊಂಡದ್ದು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲಗಳಿಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರ್ ಆಗಿದ್ದ, ಆಮೇಲೆ ಮದ್ರಾಸಿನ ಗವರ್ನರ್ ಆದ. 1827ರ ಜುಲೈಯಲ್ಲಿ ಪ್ರವಾಸದಲ್ಲಿದ್ದಾಗ ಕಾಲರಾ ತಗುಲಿ ಪತ್ತಿಕೊಂಡದಲ್ಲೇ ತೀರಿಕೊಂಡ. ಅವನ ನೆನಪಿಗೆ ಸರ್ಕಾರ ಅಲ್ಲಿ ಒಂದು ಬಾವಿ ಕಟ್ಟಿಸಿ, ತೋಪು ನೆಡಿಸಿತು. ಪ್ರತಿಮೆ ಮದ್ರಾಸಿಗೆ ಹೋಯಿತು, ಪತ್ತಿಕೊಂಡಕ್ಕೆ ನೆರಳು ಬಂತು. ನಮ್ಮ ಕಡೆ ಸ್ಮಾರಕ ಅಂದ್ರೆ ಬಾವಿ ಮತ್ತು ತೋಪು ಅನ್ನೋ ರೂಢಿಯನ್ನ ಕಂಪನಿ ಸರ್ಕಾರವೂ ಒಪ್ಪಿಕೊಂಡಿತ್ತು.

ಇದೇ ಅವಧಿಯ ಕಂದಾಯ ವ್ಯವಸ್ಥೆಯಿಂದ ಒಂದು ಪದ ಇವತ್ತಿಗೂ ಗ್ರಾಮ ಲೆಕ್ಕದಲ್ಲಿ ಉಳಿದಿದೆ: ತೋಪು ಪೋರಂಬೋಕು. ಅಂದ್ರೆ ಸಾಗುವಳಿಗಲ್ಲ, ತೋಪಿಗಾಗಿ ಬಿಟ್ಟ ಸರ್ಕಾರಿ ಜಾಗ. ಸರ್ಕಾರಿ ಜಾಗದಲ್ಲಿ ಮರ ಬೆಳೆಸಿದವನಿಗೆ ನೆಲದ ಹಕ್ಕು ಕೊಡದೆ ಫಲದ ಹಕ್ಕು ಮಾತ್ರ ಕೊಡುವ ಮರಪಟ್ಟಾ ಪದ್ಧತಿಯೂ ಇತ್ತು. ನೆಲ ಸರ್ಕಾರದ್ದು, ಹುಣಸೆಹಣ್ಣು ನಿನ್ನದು. ಈ ಹಂಚಿಕೆಯನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ.

2. ಬೋರ್ಡಿನ ಮರ: ಆದಾಯ ಮತ್ತು ಅಪಾಯ

ಆದೋನಿ ಪುರಸಭೆ 1865ರಷ್ಟು ಹಳೆಯದು. ಹಳ್ಳಿಗಾಡಿಗೆ ಬಂದರೆ, ರಿಪನ್ನನ 1882ರ ಸ್ಥಳೀಯ ಸ್ವಯಮಾಡಳಿತ ನಿರ್ಣಯದ ನಂತರ 1884ರಲ್ಲಿ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯಿದೆ ಬಂತು: ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ದೊಡ್ಡ ಹಳ್ಳಿಗಳಿಗೆ ಯೂನಿಯನ್. ರಸ್ತೆ ಮಾಡೋದು, ಅದರ ಬದಿ ಸಾಲುಮರ ನೆಡೋದು, ಕಾಪಾಡೋದು ಬೋರ್ಡಿನ ಕೆಲಸವಾಯಿತು. 1920ರಲ್ಲಿ ಎರಡು ಹೊಸ ಕಾಯಿದೆಗಳು ಬಂದವು, ಜಿಲ್ಲಾ ಪುರಸಭೆಗಳಿಗೆ ಒಂದು, ಲೋಕಲ್ ಬೋರ್ಡುಗಳಿಗೆ ಒಂದು.

ಈ ಕಾಯಿದೆಗಳನ್ನ ಓದಿದಾಗ ಮರ ಎರಡೇ ವೇಷದಲ್ಲಿ ಕಾಣಿಸುತ್ತೆ. ಒಂದು, ಆಸ್ತಿ. ಸಾಲುಮರ ಬೋರ್ಡಿನ ಸೊತ್ತು, ಅದರ ಫಲವನ್ನ ಹರಾಜು ಹಾಕಿದರೆ ಬೋರ್ಡಿಗೆ ವರಮಾನ. ಹುಣಸೆಯನ್ನ ನಮ್ಮ ರಸ್ತೆಗಳಲ್ಲಿ ಯಾಕೆ ಅಷ್ಟು ಇಷ್ಟಪಟ್ಟರು ಅನ್ನೋದಕ್ಕೆ ಇದೂ ಒಂದು ಕಾರಣ: ನೆರಳು, ಬರ ತಡೆಯುವ ಗಟ್ಟಿತನ, ಮೇಲಿಂದ ಹರಾಜಿನ ದುಡ್ಡು. ಇನ್ನೊಂದು, ಅಪಾಯ. ಬೀದಿಗೆ ಬಾಗಿದ, ಬೀಳುವಂತಿರುವ ಮರವನ್ನ ಕಟ್ಟಿ ಭದ್ರಮಾಡು, ಕೊಂಬೆ ಸವರು, ಇಲ್ಲವೇ ಕಡಿ ಅಂತ ಮಾಲೀಕನಿಗೆ ನೋಟಿಸ್ ಕೊಡುವ ಅಧಿಕಾರ ಪುರಸಭೆಗಿತ್ತು. ಬೇಲಿ ಮತ್ತು ಮರ ಸವರಿಸುವ ಅಧಿಕಾರವೂ ಇತ್ತು. ಆದ್ರೆ ಖಾಸಗಿ ಹಿತ್ತಲಿನ ಒಳ್ಳೆಯ ಮರವನ್ನ ಕಡೀಬೇಡ ಅನ್ನುವ ಅಧಿಕಾರ ಇರಲಿಲ್ಲ. ಕಡಿ ಅನ್ನಬಹುದಿತ್ತು, ಉಳಿಸು ಅನ್ನೋ ಹಾಗಿರಲಿಲ್ಲ.

ಇದನ್ನ ಬರೀ ವಸಾಹತುಶಾಹಿ ದುರಾಸೆ ಅಂತ ಒಂದೇ ಏಟಿಗೆ ತಳ್ಳಿಹಾಕಬಾರದು. ಹರಾಜು ಹಿಡಿದವನಿಗೆ ಮರ ಬದುಕಿರೋದು ಬೇಕಿತ್ತು. ಫಲದ ಕಾಲದಲ್ಲಿ ಕಾವಲು ಹಾಕ್ತಿದ್ದ, ಕೊಂಬೆ ಮುರಿಯೋರನ್ನ ಓಡಿಸ್ತಿದ್ದ. ಬೋರ್ಡಿಗೂ ಒಣಗಿದ ಮರದ ಜಾಗದಲ್ಲಿ ಸಸಿ ಇಡೋದಕ್ಕೆ ಲೆಕ್ಕದ ಕಾರಣ ಇತ್ತು. ಮರದ ಮೇಲಿನ ಆಸೆ ಮರವನ್ನ ಕಾಯ್ತಿತ್ತು.

3. ಗಡಿ ಬಿದ್ದ ಮೇಲೆ

1 ಅಕ್ಟೋಬರ್ 1953ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಸೇರಿತು. ಆದೋನಿ, ಆಲೂರು ಕರ್ನೂಲು ಜಿಲ್ಲೆಯಾದವು, ರಾಯದುರ್ಗ ಅನಂತಪುರವಾಯಿತು. ಭಾಷೆಯ ಗಡಿಯ ಬಗ್ಗೆ ಬಹಳ ಬರೆದಿದ್ದಾರೆ. ರಸ್ತೆಯ ಗಡಿಯ ಬಗ್ಗೆ ಬರೆದಿಲ್ಲ. ಬಳ್ಳಾರಿ ಜಿಲ್ಲಾ ಬೋರ್ಡಿನ ಒಂದು ರಸ್ತೆ ಹಗರಿ ದಾಟಿ ಆಲೂರಿಗೆ ಹೋಗುವಾಗ, ಅದರ ಸಾಲುಮರಗಳು ನಡುವೆ ಎಲ್ಲೋ ರಾಜ್ಯ ಬದಲಾಯಿಸಿದವು.

ಮೊದಮೊದಲು ಹೆಚ್ಚು ವ್ಯತ್ಯಾಸ ಆಗಲಿಲ್ಲ, ಎರಡೂ ಕಡೆ ಹಳೆಯ ಮದ್ರಾಸ್ ಕಾಯಿದೆಗಳೇ ನಡೆದವು. ಆಮೇಲೆ ಎರಡೂ ರಾಜ್ಯ ಹೆಚ್ಚುಕಮ್ಮಿ ಒಟ್ಟಿಗೇ ತಮ್ಮದೇ ಕಾಯಿದೆ ಮಾಡಿಕೊಂಡವು: 1959ರಲ್ಲಿ ಎರಡೂ ಕಡೆ ಪಂಚಾಯತಿ ವ್ಯವಸ್ಥೆಗೆ ಹೊಸ ಕಾಯಿದೆ, ಮೈಸೂರಿನಲ್ಲಿ 1964ರ ಪುರಸಭಾ ಕಾಯಿದೆ, ಆಂಧ್ರದಲ್ಲಿ 1965ರದ್ದು. 1965ರ ಆಂಧ್ರ ಕಾಯಿದೆ ಅಪಾಯಕರ ಮರದ ಹಳೆಯ ನಿಯಮವನ್ನ ಮುಂದುವರಿಸಿತು. ಅಂದ್ರೆ ಸ್ವಾತಂತ್ರ್ಯ ಬಂದು, 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಶುರುಮಾಡಿ ಹದಿನೈದು ವರ್ಷ ಕಳೆದರೂ, ಊರಿನ ಆಡಳಿತದ ಕೈಯಲ್ಲಿದ್ದ ಕಾನೂನು ಮರವನ್ನ ಇನ್ನೂ ಸೊತ್ತು ಅಥವಾ ಕಂಟಕ ಅಂತಲೇ ನೋಡ್ತಿತ್ತು. ನೆಡೋದು ಸಮಾರಂಭವಾಯಿತು, ಉಳಿಸೋದು ನಿಯಮವಾಗಲಿಲ್ಲ.

4. ಇಪ್ಪತ್ತಾರು ವರ್ಷದ ಅಂತರ

ಇಲ್ಲಿಂದ ಎರಡು ಎಮ್ಮಿಗನೂರುಗಳ ದಾರಿ ಬೇರೆಯಾಗುತ್ತೆ. 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ತಂತು, 1977ರಲ್ಲಿ ಅದರ ನಿಯಮಗಳು. ವೃಕ್ಷಾಧಿಕಾರಿ ಎಂಬ ಹುದ್ದೆ, ವೃಕ್ಷ ಪ್ರಾಧಿಕಾರ ಎಂಬ ಸಂಸ್ಥೆ ಹುಟ್ಟಿದವು. ಸ್ವಂತ ಜಾಗದ ಮರವಾದರೂ ಕಡಿಯೋದಕ್ಕೆ ಅನುಮತಿ ಬೇಕು, ಕಡಿದರೆ ಬದಲಿ ಸಸಿ ನೆಡಬೇಕು. ನಂತರದ ತಿದ್ದುಪಡಿಯಲ್ಲಿ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು ಅನ್ನೋದೂ ಸೇರಿತು.

ಆಂಧ್ರದಲ್ಲಿ ಇದಕ್ಕೆ ಹತ್ತಿರದ ಕಾನೂನು ಬಂದಿದ್ದು 2002ರಲ್ಲಿ: ಆಂಧ್ರಪ್ರದೇಶ ನೀರು, ಭೂಮಿ ಮತ್ತು ಮರಗಳ ಕಾಯಿದೆ, ಜನರ ಬಾಯಲ್ಲಿ ‘ವಾಲ್ಟಾ’. ಅಂತರ್ಜಲದ ಬಗ್ಗೆ ಇದ್ದ 1996ರ ಕಾಯಿದೆಯ ಜಾಗಕ್ಕೆ ಬಂದದ್ದು ಇದು. ಹಾಗಾಗಿ ಇದರ ಮುಖ್ಯ ಚಿಂತೆ ಬೋರ್‌ವೆಲ್, ಮರ ಅದರ ಜೊತೆಗೆ ಬಂದದ್ದು. ಆದ್ರೂ ನನಗೆ ಇದರ ವಿನ್ಯಾಸ ಇಷ್ಟ. ನೀರು, ನೆಲ, ಮರ ಮೂರೂ ಒಂದೇ ಕಾಯಿದೆಯಲ್ಲಿವೆ, ಎರ್ರಗುಡಿಯ ವಾಕ್ಯದ ಹಾಗೆ. ರಾಜ್ಯ, ಜಿಲ್ಲೆ, ಮಂಡಲ ಮೂರು ಹಂತದಲ್ಲೂ ಪ್ರಾಧಿಕಾರ ಇರಬೇಕು ಅಂತ ಅದು ಹೇಳುತ್ತೆ.

ಅಂದ್ರೆ ಕಂಪ್ಲಿ ಕಡೆಯ ಎಮ್ಮಿಗನೂರಿಗೂ ಆದೋನಿ ಕಡೆಯ ಎಮ್ಮಿಗನೂರಿಗೂ ನಡುವೆ ಇಪ್ಪತ್ತಾರು ವರ್ಷದ ಅಂತರ. ಹಾಗಾದ್ರೆ ಕರ್ನಾಟಕದ ಕಡೆ ಮರ ಹೆಚ್ಚು ಉಳಿದಿವೆಯಾ? ಕಾನೂನಿನ ವರ್ಷ ನೋಡಿ ಹಾಗೆ ತೀರ್ಮಾನಿಸೋಕೆ ಆಗಲ್ಲ. ಮರದ ಸಂಖ್ಯೆ ಮಳೆ, ಕಾಲುವೆ, ರಸ್ತೆ ಅಗಲೀಕರಣ ಎಲ್ಲದರ ಮೇಲೆ ನಿಂತಿದೆ. ತುಂಗಭದ್ರಾ ಕೆಳದಂಡೆ ಕಾಲುವೆ ಎರಡೂ ಕಡೆ ಹರಿದಿದೆ. ನಾನು ಕೇಳೋದು ಮರ ಎಷ್ಟು ಅಂತಲ್ಲ, ಮರದ ಬಗ್ಗೆ ಮಾತಾಡುವ ಹಕ್ಕು ಯಾರಿಗೆ ಅಂತ.

ಆ ಪ್ರಶ್ನೆಗೆ ಎರಡೂ ಕಾನೂನಿನ ಉತ್ತರ ವಿಚಿತ್ರವಾಗಿ ಒಂದೇ. ಅನುಮತಿ ಕೊಡುವ ಕೈ ಪಂಚಾಯತಿಯದ್ದಲ್ಲ, ಪುರಸಭೆಯದ್ದೂ ಅಲ್ಲ. ಮುಖ್ಯವಾಗಿ ಅದು ಅರಣ್ಯ ಇಲಾಖೆ, ಕಂದಾಯ ಇಲಾಖೆಗಳ ಅಧಿಕಾರಿಯದ್ದು. ಸಂವಿಧಾನದ 12ನೇ ಅನುಸೂಚಿ ನಗರ ಅರಣ್ಯ, ಉದ್ಯಾನವನಗಳನ್ನ ಪುರಸಭೆಗಳ ವಿಷಯ ಅಂತ ಪಟ್ಟಿಮಾಡಿದೆ. 11ನೇ ಅನುಸೂಚಿ ಸಾಮಾಜಿಕ ಅರಣ್ಯವನ್ನ ಪಂಚಾಯತಿಗಳ ಪಟ್ಟಿಯಲ್ಲಿಟ್ಟಿದೆ. ಕಾಗದದಲ್ಲಿ ವಿಷಯ ಊರಿಗೆ ಬಂತು, ಮೊಹರು ಮಾತ್ರ ಬೇರೆ ಕಚೇರಿಯಲ್ಲೇ ಉಳೀತು. ಪುರಸಭೆಗೆ ಉಳಿದದ್ದು ಹೊಸ ಬಡಾವಣೆಯ ನಕ್ಷೆ: ಆಂಧ್ರದ 2017ರ ಲೇಔಟ್ ನಿಯಮದಂತೆ 10 ಪ್ರತಿಶತ ಜಾಗ ತೆರೆದಿಡಬೇಕು. ಆ ಜಾಗದಲ್ಲಿ ಬೇವು ಬೆಳೆಯುತ್ತೋ, ತಂತಿಬೇಲಿಯೊಳಗೆ ಕಸ ಬೆಳೆಯುತ್ತೋ ಅನ್ನೋದು ನೀರು ಹಾಕುವವರ ಮೇಲೆ ಬಿಟ್ಟದ್ದು.

5. ಜಾಲಿಯ ವಿನಾಯಿತಿ

ಇಲ್ಲಿ ಒಂದು ಸಣ್ಣ ಉಪಕಥೆ ಹೇಳಬೇಕು. 1876-78ರ ಭೀಕರ ಬರದ ಕಾಲದಲ್ಲಿ ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ ಹೊರದೇಶದ ಒಂದು ಜಾಲಿಯ ಬೀಜ ತರಿಸಲು ಪತ್ರ ಬರೆದ, ಕಡಪದ ಕಮಲಾಪುರದಲ್ಲಿ ಅದನ್ನ ನೆಟ್ಟರು. ಅದು ಹಬ್ಬಿದ್ದು ನಮಗೆಲ್ಲ ಗೊತ್ತು. ಕನ್ನಡದಲ್ಲಿ ಅದಕ್ಕೆ ಬಳ್ಳಾರಿ ಜಾಲಿ, ತೆಲುಗಿನಲ್ಲಿ ಸರ್ಕಾರು ತುಮ್ಮ. ಒಂದೇ ಗಿಡಕ್ಕೆ ಗಡಿಯ ಈಚೆ ಜಿಲ್ಲೆಯ ಹೆಸರು, ಆಚೆ ಸರ್ಕಾರದ ಹೆಸರು! ಸರ್ಕಾರ ತಂದದ್ದು ಅನ್ನೋ ನೆನಪು ತೆಲುಗು ಹೆಸರಿನಲ್ಲಿ ಉಳಿದಿದೆ. ಕರ್ನಾಟಕದ ಕಾಯಿದೆ ಇದನ್ನ ನೀಲಗಿರಿ, ಸರ್ವೆ, ಸುಬಾಬುಲ್ ಜೊತೆ ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಸೇರಿಸಿದೆ. ಯಾವ ಮರಕ್ಕೆ ಯಜಮಾನ ಬೇಕು, ಯಾವುದಕ್ಕೆ ಬೇಡ ಅನ್ನೋದೂ ಕಾನೂನಿನ ತೀರ್ಮಾನವೇ.

ಇದಕ್ಕೆ ಎದುರಾಗಿ ಬನ್ನಿಯನ್ನ ನೋಡಿ. ಆಲೂರು ಸೀಮೆಯ ದೇವರಗಟ್ಟಿನಲ್ಲಿ ವಿಜಯದಶಮಿ ರಾತ್ರಿ ನಡೆಯುವ ಮಾಳ ಮಲ್ಲೇಶ್ವರನ ಬಡಿಗೆ ಉತ್ಸವಕ್ಕೆ ತೆಲುಗು ಪತ್ರಿಕೆಗಳೂ ‘ಬನ್ನಿ ಉತ್ಸವ’ ಅಂತಲೇ ಬರೀತವೆ, ತೆಲುಗಿನಲ್ಲಿ ಆ ಮರ ಜಮ್ಮಿ ಆದರೂ. ಬನ್ನಿಮರಕ್ಕೆ, ಅರಳಿಕಟ್ಟೆಗೆ ಕೊಡಲಿ ಹಾಕೋಕೆ ಇವತ್ತಿಗೂ ಕೈ ನಡುಗುತ್ತೆ. ಅದು ಯಾವ ಕಾಯಿದೆಯ ಕಲಮೂ ಅಲ್ಲ.

6. ಹಕ್ಕಿಲ್ಲದ ಪಾಲಕರು

ಕೊನೆಗೆ ವರ್ತಮಾನಕ್ಕೆ. ಕುದೂರು-ಹುಲಿಕಲ್ ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರು, ಪದ್ಮಶ್ರೀ ಬಂದ ವರ್ಷವೇ, 2019ರಲ್ಲಿ, ರಸ್ತೆ ಅಗಲೀಕರಣದಿಂದ ಆ ಮರಗಳನ್ನ ಉಳಿಸಿ ಅಂತ ಮುಖ್ಯಮಂತ್ರಿಯನ್ನ ಕೇಳಿಕೊಳ್ಳಬೇಕಾಯಿತು. ಸರ್ಕಾರ ಪರ್ಯಾಯ ನೋಡಿ ಅಂತ ಸೂಚಿಸಿತು, ಒಳ್ಳೆಯದೇ. ಆದ್ರೆ ಅವರು ಕೇಳಿದ್ದು ಮನವಿಯಾಗಿ, ಹಕ್ಕಾಗಿ ಅಲ್ಲ. ಕೊಡ ಹೊತ್ತು ನೀರು ಹಾಕಿದವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅಷ್ಟು ಹೆಸರಾದವರ ಸ್ಥಿತಿ ಇದು. ಆದೋನಿ ರಸ್ತೆಯಲ್ಲಿ ತನ್ನ ಚಹಾ ಅಂಗಡಿ ಮುಂದೆ ಒಂದು ಬೇವು ಬೆಳೆಸಿದವರ ಪಾಡು ಬೇರೆ ಹೇಳಬೇಕಾಗಿಲ್ಲ.

ಹಳೆಯ ಮರಪಟ್ಟಾ ನೆನಪು ಮಾಡಿಕೊಳ್ಳಿ. ಅದರಲ್ಲಿ ಅನ್ಯಾಯ ಇತ್ತು, ಊರಿನ ಬಲಾಢ್ಯರ ಕೈವಾಡ ಇತ್ತು. ಆದ್ರೆ ಬೆಳೆಸಿದವನಿಗೂ ಮರಕ್ಕೂ ಕಾಗದದ ಮೇಲೆ ಒಂದು ಸಂಬಂಧ ಇತ್ತು. ಬೋರ್ಡಿನ ಹರಾಜಿನಲ್ಲೂ ಇತ್ತು. 1976 ಮತ್ತು 2002ರ ಕಾನೂನುಗಳು ಮರವನ್ನ ಕೊಡಲಿಯಿಂದ ಕಾಯ್ತವೆ, ಅದು ದೊಡ್ಡ ಮುನ್ನಡೆ. ಆದ್ರೆ ಅವು ಮಾತಾಡೋದು ಮರ ಬೀಳುವ ದಿನದ ಬಗ್ಗೆ. ಮೊದಲ ಮೂರು ಬೇಸಿಗೆ ಸಸಿಗೆ ನೀರು ಹಾಕುವವರ ಬಗ್ಗೆ ಅಲ್ಲ.

ಚರ್ಚೆಯಿಂದ

ಪ್ರಶ್ನೆ: ಹಾಗಾದ್ರೆ ಹರಾಜು ಪದ್ಧತಿಗೆ ವಾಪಸ್ ಹೋಗಬೇಕು ಅಂತೀರಾ?

ಉತ್ತರ: ಇಲ್ಲ ಸರ್. ಹರಾಜಿನಲ್ಲಿ ಬೇವಿಗೆ ಬೆಲೆ ಇಲ್ಲ, ಹುಣಸೆಗೆ ಮಾತ್ರ ಬೆಲೆ. ನಾನು ಹೇಳೋದು, ಅನುಮತಿ ಕೊಡುವ ಮೊದಲು ಪಂಚಾಯತಿಯ ಅಥವಾ ವಾರ್ಡಿನ ಅಭಿಪ್ರಾಯವನ್ನ ಕಡ್ಡಾಯ ಮಾಡಬೇಕು, ಬೆಳೆಸಿದವರ ಹೆಸರು ದಾಖಲೆಯಲ್ಲಿರಬೇಕು.

ಪ್ರಶ್ನೆ: ಭಾಷೆಯ ವಿಷಯ ನೀವು ಮುಟ್ಟಲೇ ಇಲ್ಲವಲ್ಲ?

ಉತ್ತರ: ಅದು ಇದರೊಳಗೇ ಇದೆ ಮೇಡಂ. ಆದೋನಿ, ಎಮ್ಮಿಗನೂರು, ಕೋಸಿಗಿ ಕಡೆ ಮನೆಯಲ್ಲಿ ಕನ್ನಡ ಆಡೋರು ಬಹಳ ಜನ ಇದ್ದಾರೆ. ಮರ ಕಡಿಯುವ ನೋಟಿಸು ಕನ್ನಡದಲ್ಲಿ ಬರದಿದ್ದರೆ ಆಕ್ಷೇಪ ಹೇಳುವ ಅವಕಾಶ ಎಷ್ಟಿದ್ದರೇನು? ವಾಲ್ಟಾದ ಮರಗಳ ಅಧ್ಯಾಯವನ್ನ ಕನ್ನಡಕ್ಕೆ ತಂದು ಈ ಊರುಗಳ ಪಂಚಾಯತಿ ಗೋಡೆಗೆ ಅಂಟಿಸೋದು ನಮ್ಮಂಥ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ. ಗ್ರಾಮ ಲೆಕ್ಕದ ತೋಪು ಪೋರಂಬೋಕುಗಳನ್ನ ಒಂದೊಂದಾಗಿ ಹುಡುಕಿ, ಅಲ್ಲಿ ಈಗ ಏನಿದೆ ಅಂತ ನೋಡಿ ಬರೋದು ಎರಡನೇ ಕೆಲಸ. ಎರಡಕ್ಕೂ ಯಾರ ಅನುಮತಿಯೂ ಬೇಕಾಗಿಲ್ಲ.