ಯಾರ ಮನೆ ಮಂಜುನಾಥ?

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಎರರ್ ನನ್ನನ್ನು ಎರಡು ದಿನ ಗೋಳುಹೊಯ್ದುಕೊಂಡಿತ್ತು. ‘ಕಸ್ಟಮರ್’ ಅನ್ನು ‘ಕಸ್ಟಮರ್’ ಆಗಿ ಕಾಸ್ಟ್ ಮಾಡಲು ಆಗುವುದಿಲ್ಲವಂತೆ! ಅದೇ ಹೆಸರು, ಅದೇ ಪ್ಯಾಕೇಜು, ಅದೇ ಕೋಡು. ಪಕ್ಕದಲ್ಲಿ ಕೂರುತ್ತಿದ್ದ ಸೀನಿಯರ್ ನೋಡಿ ನಕ್ಕರು. “ನಿಮ್ಮೂರಲ್ಲಿ ಎಷ್ಟು ಜನ ಮಂಜುನಾಥ ಇದಾರೆ?” ನಾಲ್ಕು ಜನ, ಅಂದೆ. “ಹೇಗೆ ಗುರುತು ಹಿಡೀತೀರಾ?” ಯಾರ ಮನೆ ಮಂಜುನಾಥ ಅಂತ ಕೇಳ್ತೀವಿ ಸಾರ್. “ಜಾವಾನೂ ಅದನ್ನೇ ಕೇಳ್ತಿದೆ ಕಣಪ್ಪಾ.”

ಜಾವಾದಲ್ಲಿ ಕ್ಲಾಸ್‌ನ ಗುರುತು ಅದರ ಹೆಸರಷ್ಟೇ ಅಲ್ಲ, ಅದನ್ನು ಮೆಮೊರಿಗೆ ತಂದ ಕ್ಲಾಸ್‌ಲೋಡರ್ ಕೂಡ ಸೇರಿ. ನಮ್ಮ ಸರ್ವರ್‌ನಲ್ಲಿ ಎರಡು ವೆಬ್ ಅಪ್ಲಿಕೇಶನ್ ಇದ್ದವು. ಎರಡೂ ತಮ್ಮ ತಮ್ಮ ‘ವಾರ್’ ಫೈಲಿನೊಳಗೆ ಅದೇ ‘ಜಾರ್’ನ ಒಂದೊಂದು ಪ್ರತಿ ಇಟ್ಟುಕೊಂಡಿದ್ದವು. ಒಂದು ವಾರ್ ಕ್ಯಾಶ್‌ಗೆ ಹಾಕಿದ ಕಸ್ಟಮರ್ ಇನ್ನೊಂದಕ್ಕೆ ಬೇರೆ ಮನೆಯವನು.

ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಬಳಸುವುದು ಹೇಗೆ ಅನ್ನೋ ಪ್ರಶ್ನೆ ಕಂಪ್ಯೂಟರಿನಷ್ಟೇ ಹಳೆಯದು. ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ಮೊದಲು ಓಡಿದ್ದು 1949ರ ಮೇ ತಿಂಗಳಲ್ಲಿ. ಸ್ವಲ್ಪ ದಿನಕ್ಕೇ ಅಲ್ಲಿನವರಿಗೆ ಗೊತ್ತಾಯಿತು, ಎಲ್ಲರೂ ಅದದೇ ಲೆಕ್ಕವನ್ನು ಮತ್ತೆ ಮತ್ತೆ ಬರೆದು ಅದದೇ ತಪ್ಪು ಮಾಡ್ತಿದ್ದಾರೆ ಅಂತ. ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇವಿಡ್ ವೀಲರ್, ಸಬ್‌ರುಟೀನ್‌ಗೆ ಜಿಗಿದು ಕೆಲಸ ಮುಗಿಸಿ ಹೊರಟ ಜಾಗಕ್ಕೇ ವಾಪಸ್ ಬರುವ ಉಪಾಯ ಕಂಡುಹಿಡಿದರು. ವೀಲರ್, ಮಾರಿಸ್ ವಿಲ್ಕ್ಸ್, ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ 1951ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ತಂದರು. ಅಷ್ಟು ಹೊತ್ತಿಗೆ ಅವರ ಲೈಬ್ರರಿಯಲ್ಲಿ 87 ಸಬ್‌ರುಟೀನ್ ಇದ್ದವು. ಲೈಬ್ರರಿ ಅಂದ್ರೆ ನಿಜವಾದ ಲೈಬ್ರರಿ! ತೂತು ಕೊರೆದ ಕಾಗದದ ಟೇಪುಗಳನ್ನು ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ಬೇಕಾದವರು ತೆಗೆದು, ಯಂತ್ರದಲ್ಲಿ ತಮ್ಮ ಟೇಪಿಗೆ ನಕಲು ಮಾಡಿಕೊಂಡು, ಮೂಲವನ್ನು ವಾಪಸ್ ಇಡುತ್ತಿದ್ದರು.

ಅಂದರೆ ಹಂಚಿಕೊಳ್ಳೋದು ಅಂದ್ರೆ ಪ್ರತಿ ಮಾಡಿಕೊಳ್ಳೋದು. ಬೀರುವಿನ ಟೇಪಿನಲ್ಲಿ ತಪ್ಪು ತಿದ್ದಿದರೂ ಆಗಲೇ ನಕಲಾದ ಟೇಪುಗಳಲ್ಲಿ ಅದು ಹಾಗೇ ಉಳಿಯುತ್ತದೆ. ಈ ವಿಷಯ ನೆನಪಿಟ್ಟುಕೊಳ್ಳಿ, ಎಪ್ಪತ್ತು ವರ್ಷ ಆದಮೇಲೆ ಬೇಕಾಗುತ್ತೆ.

1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನದಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್, ಬಿಡಿಭಾಗಗಳ ಹಾಗೆ ಸಾಫ್ಟ್‌ವೇರ್ ತುಂಡುಗಳನ್ನೂ ಕ್ಯಾಟಲಾಗ್ ನೋಡಿ ಆರಿಸಿಕೊಳ್ಳುವಂತಾಗಬೇಕು ಅಂದರು. ಕನಸು ಚೆನ್ನಾಗಿತ್ತು. ತೊಂಬತ್ತರ ದಶಕದ ವಿಂಡೋಸ್‌ನಲ್ಲಿ ಅದರ ಇನ್ನೊಂದು ಮುಖ ಕಂಡಿತು: ಎಲ್ಲರಿಗೂ ಸೇರಿ ಒಂದೇ ಡಿಎಲ್‌ಎಲ್ ಇಡಿ, ಆಮೇಲೆ ಹೊಸ ಪ್ರೋಗ್ರಾಮೊಂದು ಬಂದು ಅದನ್ನು ಬದಲಾಯಿಸಿದರೆ ಹಳೆಯದು ಮಕಾಡೆ ಮಲಗುತ್ತೆ.

ಜಾರ್ ಅಂದ್ರೆ ಭರಣಿ ತಾನೇ? ಸಾಗರದ ಕಡೆ ನಮ್ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಒಂದೇ ದೊಡ್ಡ ಭರಣಿ ಇತ್ತು. ಚಿಕ್ಕಪ್ಪ ಬೇರೆ ಮನೆ ಮಾಡಿದ ಮೇಲೂ ಅವರು ಅದರಿಂದಲೇ ತಗೊಂಡು ಹೋಗ್ತಿದ್ದರು. ಅಜ್ಜಿಗೆ ಒಂದೇ ಭಯ, ಯಾರಾದರೂ ಒದ್ದೆ ಚಮಚ ಹಾಕಿದರೆ ಎರಡು ಮನೆಯದೂ ಹೋಯ್ತು.

1999ರ ಕೊನೆಗೆ ಬಂದ ಜೆ2ಇಇ, ವಾರ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಲು ‘ಇಯರ್’ ಅನ್ನೋ ದೊಡ್ಡ ಮೂಟೆ ಕೊಟ್ಟಿತು. ಆದರೆ ಎಲ್ಲರಿಗೂ ಸೇರಿದ ಜಾರ್ ಇಡಲು ಅದರಲ್ಲಿ ನೆಟ್ಟಗೆ ಒಂದು ಜಾಗ ಇರಲಿಲ್ಲ. ಪ್ರತಿ ಮಾಡ್ಯೂಲಿನ ಮ್ಯಾನಿಫೆಸ್ಟ್ ಫೈಲಿನಲ್ಲೂ ದಾರಿ ಬರೆಯಬೇಕಿತ್ತು. ‘ಲಿಬ್’ ಫೋಲ್ಡರ್ ಬಂದದ್ದು 2006ರ ಜಾವಾ ಇಇ 5ರಲ್ಲಿ. ಒಂದು ಫೋಲ್ಡರಿಗೆ ಏಳು ವರ್ಷ! ನಮ್ಮ ಸೀನಿಯರ್ ಎರಡೂ ವಾರ್‌ಗಳಿಂದ ಜಾರ್ ತೆಗೆಸಿ ಆ ಲಿಬ್‌ಗೆ ಹಾಕಿಸಿದರು. ಈಗ ಲೋಡರ್ ಒಂದೇ, ಕಸ್ಟಮರ್ ಒಬ್ಬನೇ. ನಾನು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಕೆಲವು ತಿಂಗಳಾದ ಮೇಲೆ ಇನ್ನೊಂದು ಟೀಮಿನವರು ಆ ಜಾರ್‌ನ ಒಂದು ಮೆಥಡ್ಡಿಗೆ ಹೊಸ ಪ್ಯಾರಾಮೀಟರ್ ಸೇರಿಸಿದರು. ನಮ್ಮ ವಾರ್ ಹಳೆಯದಕ್ಕೆ ಕಂಪೈಲ್ ಆಗಿತ್ತು. ರಾತ್ರಿ ಹನ್ನೊಂದಕ್ಕೆ ಪೇಮೆಂಟ್ ಸರ್ವಿಸ್ ‘ಅಂಥ ಮೆಥಡ್ಡೇ ಇಲ್ಲ’ ಅಂತ ಕೂತುಬಿಡ್ತು. ಒದ್ದೆ ಚಮಚ.

ನಮ್ಮ ಹಾಗೆ ಪೆಟ್ಟು ತಿಂದವರು ಬಹಳ ಜನ ಇದ್ದರು. 2014ರ ಸುಮಾರಿಗೆ ಮೈಕ್ರೋಸರ್ವಿಸ್ ಮಾತು ಜೋರಾದಾಗ, ಅದೇ ವರ್ಷ ಬಂದ ಸ್ಪ್ರಿಂಗ್ ಬೂಟ್ ಹಿಡಿದು ನಾವೂ ಒಂದೊಂದು ಸರ್ವಿಸನ್ನೂ ಬೇರೆ ಮಾಡಿದೆವು. ಪ್ರತಿಯೊಂದರ ಹೊಟ್ಟೆಯಲ್ಲೂ ಬೇಕಾದ ಎಲ್ಲಾ ಜಾರ್‌ನ ಸ್ವಂತ ಪ್ರತಿ. ಡಿಸ್ಕ್ ಅಗ್ಗ, ಜಗಳ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಕಾಲ ಇಷ್ಟವಾಗಿತ್ತು, ಈಗಲೂ ಮತ್ತೆ ಇಯರ್ ಕಟ್ಟು ಅಂದರೆ ಕಟ್ಟಲ್ಲ.

2021ರ ಡಿಸೆಂಬರ್ 10, ಶುಕ್ರವಾರ. ಲಾಗ್ ಬರೆಯುವ ಲಾಗ್4ಜೆ ಲೈಬ್ರರಿಯಲ್ಲಿ ಭಯಂಕರ ತೂತು ಇದೆ ಅನ್ನೋ ಸುದ್ದಿ ಎಲ್ಲೆಡೆ. ಲಾಗ್‌ಗೆ ಹೋಗುವ ಒಂದು ಸಾಲಿನ ಮೂಲಕ ಹೊರಗಿನವರು ನಮ್ಮ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದು. ಅಪಾಯದ ಅಂಕ ಹತ್ತಕ್ಕೆ ಹತ್ತು. ಒಂದೇ ಭರಣಿ ಆಗಿದ್ದರೆ ಒಂದು ಕಡೆ ಬದಲಾಯಿಸಿ ಮಲಗಬಹುದಿತ್ತು. ನಮ್ಮದು ಮನೆಮನೆಗೆ ಒಂದು, ಕೆಲವು ಕಡೆ ಜಾರ್‌ನೊಳಗೆ ಜಾರ್, ಅದರೊಳಗೆ ಇನ್ನೊಂದು. ಶನಿವಾರ, ಭಾನುವಾರ ನಾವು ಐದು ಜನ ಒಂದೊಂದೇ ಬಿಚ್ಚಿ ನೋಡಿದೆವು. ಬೀರುವಿನ ಟೇಪು ತಿದ್ದಿದ್ದಾರೆ, ನಕಲುಗಳು ಎಲ್ಲಿವೆ ಅಂತ ಯಾರಿಗೂ ಗೊತ್ತಿಲ್ಲ.

ಕೊನೆಯ ಪ್ರತಿ ಸಿಕ್ಕಿದ್ದು ಭಾನುವಾರ ರಾತ್ರಿ, ಯಾರೂ ಮುಟ್ಟದ ಒಂದು ರಿಪೋರ್ಟ್ ಸರ್ವಿಸ್‌ನಲ್ಲಿ. ಅದನ್ನು ಬರೆದವರು ಕೆಲಸ ಬಿಟ್ಟು ಮೂರು ವರ್ಷ ಆಗಿತ್ತು. ಎಲ್ಲ ಕಡೆ 2.15 ಹಾಕಿ ಮನೆಗೆ ಹೋದೆವು. ನಿದ್ದೆ ಮುಗಿಸಿ ಎದ್ದು ಕೂರುವಷ್ಟರಲ್ಲಿ, ಅದು ಸಾಲದು ಅಂತ 2.16 ಬಂತು. ಆ ವಾರ ಮುಗಿಯುತ್ತಿದ್ದ ಹಾಗೆ 2.17.